ಈಜು ಪರೀಕ್ಷೆಯಲ್ಲಿ ಖಿನ್ನತೆಯ ಮದ್ದು ಇಮಿಪ್ರಮಿನ್‌ಗೂ ಫಲಿತಾಂಶ ಬರ್ತಿಲ್ಲ, ಒಂದೆಲಗದ ಡೋಸ್ ಏರಿಸಲಾ?

ಪ್ರಶ್ನೆ (ಮೈಸೂರು):
ಒಂದೆಲಗಕ್ಕೆ ಖಿನ್ನತೆ ಇಳಿಸೋ ಗುಣ ಇದೆಯಾ ಅಂತ ನೋಡ್ತಿದ್ದೇನೆ; ಮದ್ದು ಕೆಲಸ ಮಾಡಿದರೆ ಪ್ರಾಣಿ ಈಜದೆ ಸುಮ್ಮನೆ ತೇಲುವ ಸಮಯ ಇಳಿಯಬೇಕು. ಸ್ವಿಸ್ ಆಲ್ಬಿನೋ ಸುಂಡಿಲಿ, ಗುಂಪಿಗೆ 6ರಂತೆ 4 ಗುಂಪು. ಒಂದೆಲಗದ ಎಥನಾಲ್ ಸಾರ 200 ಮತ್ತು 400 ಮಿ.ಗ್ರಾಂ/ಕೆ.ಜಿ., ಹೋಲಿಕೆಗೆ ಇಮಿಪ್ರಮಿನ್ 15. ಬೆಳಿಗ್ಗೆ 9ಕ್ಕೆ ಎಲ್ಲಕ್ಕೂ ಬಾಯಿಗೆ ಡೋಸ್ ಹಾಕಿ, 10ರಿಂದ ಒಂದೊಂದಾಗಿ 6 ನಿಮಿಷ ಈಜಿಗೆ ಬಿಟ್ಟೆ. ನೀರಿನ ಆಳ 10 ಸೆಂ.ಮೀ. ಕೊನೆಯ 4 ನಿಮಿಷದಲ್ಲಿ ಸುಮ್ಮನೆ ತೇಲಿದ ಸಮಯ ಮದ್ದಿಲ್ಲದ ಕಂಟ್ರೋಲ್ ಗುಂಪಲ್ಲೇ 55ರಿಂದ 190 ಸೆಕೆಂಡ್. ಇಮಿಪ್ರಮಿನ್ ಗುಂಪೂ ಹಾಗೇ ಇದೆ.

ಉತ್ತರ (ಮಂಡ್ಯ):
ಡೋಸ್ ಮುಟ್ಟಬೇಡಿ. ಇಮಿಪ್ರಮಿನ್ ಕೆಲಸ ತೋರಿಸದ ಕಡೆ ಸಾರದ ಅಂಕಿಗೆ ಅರ್ಥವೇ ಇಲ್ಲ.

ದೊಡ್ಡ ತಪ್ಪು ಸಮಯದ್ದು. 24 ಪ್ರಾಣಿಗೆ ತಲಾ 8 ನಿಮಿಷ ಹಿಡಿದರೂ 3 ಗಂಟೆ ದಾಟುತ್ತೆ. ಮೊದಲನೆಯದು ಡೋಸ್ ಆದ 1 ಗಂಟೆಗೆ ಈಜಿದರೆ ಕೊನೆಯದು 4 ಗಂಟೆಗೆ. 10 ನಿಮಿಷಕ್ಕೊಂದರಂತೆ ಡೋಸ್ ಕೊಡಿ, ನಾಲ್ಕೂ ಗುಂಪು ಬೆರೆಸಿ ಸರದಿ ಹಾಕಿ, ಪ್ರತಿಯೊಂದನ್ನೂ ಸರಿಯಾಗಿ 60ನೇ ನಿಮಿಷಕ್ಕೆ ನೀರಿಗೆ ಬಿಡಿ.

10 ಸೆಂ.ಮೀ. ನೀರಲ್ಲಿ ಬಾಲ ತಳಕ್ಕೆ ತಾಗಿ ಆಸರೆಯಾಗುತ್ತೆ. 15 ಇರಲಿ, ಉಷ್ಣತೆ 23–25 ಡಿಗ್ರಿ. ಚಳಿಗಾಲದ ಬೆಳಿಗ್ಗೆ ನಮ್ಮ ಕಡೆ ಟ್ಯಾಂಕಿನ ನೀರು ತಣ್ಣಗಿರುತ್ತೆ, ಪ್ರತಿ ಸಲ ಥರ್ಮಾಮೀಟರ್ ಇಟ್ಟು ನೋಡಿ. ಪ್ರತಿ ಪ್ರಾಣಿಗೂ ನೀರು ಬದಲಿಸಿ. ಸೆಕೆಂಡ್ ಎಣಿಸೋರಿಗೆ ಯಾವ ಗುಂಪು ಅಂತ ತಿಳಿಯಬಾರದು, ವಿಡಿಯೋ ಇದ್ದರೆ ಒಳ್ಳೇದು.

ಪ್ರಶ್ನೆ (ಮೈಸೂರು):
ಸಾರವನ್ನು ನೀರಲ್ಲಿ ಕಲಸಿದ್ದೆ. ಸಿರಿಂಜಿನ ತಳದಲ್ಲಿ ಹಸಿರು ಗಷ್ಟು ನಿಲ್ತಿತ್ತು.

ಉತ್ತರ (ಮಂಡ್ಯ):
ಹಾಗಾದರೆ ಒಂದಕ್ಕೆ ತಿಳಿನೀರು, ಇನ್ನೊಂದಕ್ಕೆ ಗಷ್ಟು ಹೋಗಿದೆ. ಉಗುರುಬೆಚ್ಚನೆ ನೀರು 100 ಮಿ.ಲೀ.ಗೆ ಸಿಎಂಸಿ (ಸಾರ ತಳಕ್ಕಿಳಿಯದಂತೆ ಹಿಡಿದಿಡುವ ಅಂಟು) ಪುಡಿ 500 ಮಿ.ಗ್ರಾಂ ಉದುರಿಸುತ್ತಾ ಕಲಕಿ, ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತೆ. ಸಾರವನ್ನು ಖಲ್ಲಿನಲ್ಲಿ ನುಣ್ಣಗೆ ಅರೆದು ಈ ದ್ರಾವಣ ಸ್ವಲ್ಪಸ್ವಲ್ಪವೇ ಸೇರಿಸಿ. 200ರ ಡೋಸಿಗೆ ಮಿ.ಲೀ.ಗೆ 20 ಮಿ.ಗ್ರಾಂ; 25 ಗ್ರಾಂ ಸುಂಡಿಲಿಗೆ 0.25 ಮಿ.ಲೀ., ಅಂದರೆ 5 ಮಿ.ಗ್ರಾಂ. ಪ್ರತಿ ಸಲ ಕುಲುಕಿಯೇ ಎಳೆಯಿರಿ. ಕಂಟ್ರೋಲ್‌ಗೂ ಅದೇ ಸಿಎಂಸಿ. ಸಾರದಲ್ಲಿ ಎಥನಾಲ್ ಪೂರ್ತಿ ಆರಿರಬೇಕು, ಉಳಿದರೆ ಮಂಪರಿಗೇ ತೇಲುತ್ತವೆ.

ಇನ್ನೊಂದು ಉತ್ತರ (ಮೈಸೂರು):
ಗಿಡ ಖಚಿತವೇ? ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಜನ ಬ್ರಾಹ್ಮಿ ಅಂತಲೇ ಅಂತಾರೆ. ಮೊದಲನೆಯದರ ಗುರುತಿನ ರಾಸಾಯನಿಕ ಏಷಿಯಾಟಿಕೋಸೈಡ್, ಎರಡನೆಯದರದು ಬ್ಯಾಕೋಸೈಡ್. ಸಸ್ಯಶಾಸ್ತ್ರ ವಿಭಾಗದಲ್ಲಿ ಮಾದರಿ ಗುರುತಿಸಿ ಒಣಗಿಸಿಡಿ.

ಒಮ್ಮೆ ಈಜಿದವನ್ನು ಮತ್ತೆ ಬಳಸಬೇಡಿ, ಎರಡನೇ ಸಲ ಬೇಗ ತೇಲುತ್ತವೆ. ಹೊಸ ಪ್ರಾಣಿಗೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ತೇಲುವ ಸಮಯ ಇಳಿದರೂ ಖಿನ್ನತೆಗೆ ಮದ್ದು ಅಂತ ಬರೆಯೋಕಾಗಲ್ಲ. ಕೆಫೀನ್‌ನಂಥ ಉತ್ತೇಜಕ ಕೊಟ್ಟರೂ ಇಳಿಯುತ್ತೆ. ಅದಕ್ಕೇ ಅದೇ ಡೋಸಿನಲ್ಲಿ ಬೇರೆ ಪ್ರಾಣಿಗಳನ್ನು ಓಪನ್ ಫೀಲ್ಡ್‌ನಲ್ಲಿ (ತಳಕ್ಕೆ ಚೌಕ ಗೆರೆ ಹಾಕಿದ ತೆರೆದ ಪೆಟ್ಟಿಗೆ) 5 ನಿಮಿಷ ಬಿಟ್ಟು ಎಷ್ಟು ಚೌಕ ದಾಟಿದವು ಎಣಿಸಿ, ಬರೀ ಓಡಾಟ ಹೆಚ್ಚಿದ್ದಾ ಅಂತ ತಿಳಿಯುತ್ತೆ.