ಮನೆಯಲ್ಲೇ ಮಡಕೆ ಮಾಡೋಕೆ ಶುರು ಮಾಡಿದವರು ಯಾರಾದ್ರೂ ಇದ್ದೀರಾ?

ಕೇಳಿದವರು, ಬಳ್ಳಾರಿ: ಒಂದು ಶಿಬಿರದಲ್ಲಿ ಮಣ್ಣು ಮುಟ್ಟಿದ್ದೇ ತಡ, ಹುಚ್ಚು ಹಿಡಿದುಬಿಟ್ಟಿದೆ. ಮಹಡಿ ಮೇಲೆ ಒಂದು ರೂಮು ಖಾಲಿ ಇದೆ. ಎಲೆಕ್ಟ್ರಿಕ್ ತಿಗರಿ (ಕುಂಬಾರರ ಚಕ್ರ), ಮಡಕೆ ಸುಡೋ ಕಿಲ್ನ್ ಎರಡೂ ಈಗಲೇ ತಗೊಳ್ಳಬೇಕಾ? ನಮ್ಮ ಹೊಲದ ಮಣ್ಣು ನಡೆಯುತ್ತದಾ?

ಕೊಪ್ಪಳದಿಂದ: ತಿಗರಿ ಆಮೇಲೆ ನೋಡೋಣ ಅಕ್ಕ. ಮೊದಲು ಕೈಯಲ್ಲೇ ಮಾಡಿ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ, ಬೆರಳಲ್ಲಿ ಸವರಿ ಬೆಸೆಯಿರಿ. ನಿಮ್ಮೂರ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹೆಚ್ಚಾಗಿ ಕೈಯಲ್ಲೇ ಮಡಕೆ ಮಾಡಿದ್ದಾರೆ, ನಮಗೇನು ಅವಸರ? ಹಲಗೆ, ಹಳೇ ಕಾಟನ್ ಬಟ್ಟೆ, ಲಟ್ಟಣಿಗೆ, ಸ್ಪಂಜು, ಮಣ್ಣು ಕೊಯ್ಯೋಕೆ ತೆಳು ತಂತಿ. ಇಷ್ಟು ಸಾಕು.

ಹೊಲದ್ದು ಕಪ್ಪು ಎರೆಮಣ್ಣಾದರೆ ಬೇಡ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ನೋಡಿದ್ದೀರಲ್ವಾ? ಮಡಕೆಯಾದರೂ ಅದರ ಬುದ್ಧಿ ಬಿಡಲ್ಲ. ಜೊತೆಗೆ ಅದರಲ್ಲಿ ಸುಣ್ಣದ ಹರಳು ಇರುತ್ತವೆ. ಸುಟ್ಟಾಗ ಚೆನ್ನಾಗೇ ಕಾಣುತ್ತದೆ. ಆಮೇಲೆ ಆ ಹರಳು ಗಾಳಿಯ ತೇವ ಕುಡಿದು ಉಬ್ಬಿ, ಮೇಲಿನ ಚಕ್ಕೆ ಹಾರಿಹೋಗುತ್ತದೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣನ್ನೇ ದುಡ್ಡು ಕೊಟ್ಟು ತನ್ನಿ.

ರಾಯಚೂರಿನಿಂದ: ಮಾಡುವುದಕ್ಕಿಂತ ಒಣಗಿಸುವುದೇ ನಮ್ಮ ಕಡೆ ದೊಡ್ಡ ಕೆಲಸ. 40 ಡಿಗ್ರಿ ಬಿಸಿಲು, ಒಣ ಗಾಳಿ. ಅಂಚು ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗೇ ಇರುತ್ತದೆ. ಆ ಎಳೆದಾಟದಲ್ಲೇ ಬಿರುಕು. ಮಹಡಿ ರೂಮಂತೂ ಏಪ್ರಿಲ್‌ನಲ್ಲಿ ಕಾದ ಹೆಂಚು, ಕೆಳಗಡೆ ಜಾಗ ಮಾಡಿಕೊಳ್ಳಿ. ಫ್ಯಾನ್ ಆರಿಸಿ. ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ. ಕಪ್ ಆದರೆ ಹಿಡಿಗೆ ಬೇರೆಯಾಗಿ ಒಂದು ತುಂಡು ಕವರ್ ಸುತ್ತಿ, ಮೊದಲು ಒಣಗುವುದು ಅದೇ. ಅಂಚು ಗಟ್ಟಿಯಾದ ಮೇಲೆ ಬೋರಲು ಹಾಕಿ.

ಪೂರ್ತಿ ಒಣಗಿತು ಅನಿಸಿದಾಗ ತಳವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಸುಡೋಕೆ ಹೋದರೆ ಆವಿಯಾಗಿ ಒಡೆಯುತ್ತದೆ.

ಸಿರುಗುಪ್ಪದಿಂದ: ಕಿಲ್ನ್ ಸದ್ಯಕ್ಕೆ ಬೇಡ ಮೇಡಂ. ಮನೆಯ ವೈರಿಂಗ್ ತಡೆಯುತ್ತದಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮುಂಗಡವನ್ನೂ ಕೊಡಬೇಡಿ. ಕುಂಬಾರರನ್ನು ಕೇಳಿಕೊಂಡರೆ ಅವರ ಮಡಕೆ ಸುಡುವ ಆವಿಗೆಯಲ್ಲಿ ನಿಮ್ಮ ನಾಲ್ಕು ಬಟ್ಟಲೂ ಬೇಯುತ್ತವೆ. ನಾನು ಮಾಡುವುದು ಹಾಗೇ, ಸುಡುವ ಕೂಲಿ ಕೊಡುತ್ತೇನೆ. ಕೆಂಪು ಮಣ್ಣಿಗೆ ಆ ಶಾಖ ಸಾಕು. ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣಿಗೆ ಮಾತ್ರ 1200 ಡಿಗ್ರಿ ದಾಟಬೇಕು, ಅದು ಅಲ್ಲಿ ಆಗದು.

ಇನ್ನೊಂದು ಮಾತು. ರೂಮನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಮಣ್ಣಿನ ದೂಳಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಯನ್ನು ಸಿಂಕಿನಲ್ಲಿ ತೊಳೆದರೆ ಪೈಪು ಕಟ್ಟುತ್ತದೆ. ಬಕೆಟ್‌ನಲ್ಲಿ ತೊಳೆದು, ತಿಳಿನೀರು ಚೆಲ್ಲಿ, ಅಡಿಯ ಮಣ್ಣನ್ನು ಮತ್ತೆ ಹದ ಮಾಡಿ.

ಕೇಳಿದವರು: ಸರಿ, ಕಿಲ್ನ್ ಬಿಟ್ಟೆ. ಕೆಳಗೆ ಸ್ಟೋರ್ ರೂಮಿದೆ, ಆದ್ರೆ ತುಂಬಾ ನಮ್ಮತ್ತೆಯವರ ಟ್ರಂಕುಗಳೇ. ಅವರನ್ನು ಒಪ್ಪಿಸೋದು ಹೇಗೆ ಅಂತಾನೂ ಯಾರಾದ್ರೂ ಹೇಳಿ!