ಜಂಟಿ ಹೆಸರಿನ ಬಾಡಿಗೆ ಮನೆ: ಲಿಮಿಟೆಡ್ ಕಂಪನಿಗೆ ಹಾಕಿದರೆ ಲಾಭ ಇದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ಇಂಗ್ಲೆಂಡಿನಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಮನೆ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. 1.8 ಲಕ್ಷ ಪೌಂಡ್‌ಗೆ ಕೊಂಡಿದ್ದು, ಈಗ 3 ಲಕ್ಷ ಬಾಳುತ್ತದೆ. ಸಾಲ 1.1 ಲಕ್ಷ ಉಳಿದಿದೆ, ವರ್ಷಕ್ಕೆ ಬಡ್ಡಿ 5,500. ಬಾಡಿಗೆ ವರ್ಷಕ್ಕೆ 16,800 ಬರುತ್ತದೆ, ರಿಪೇರಿ, ಏಜೆಂಟ್ ಅಂತ 2,300 ಹೋಗುತ್ತದೆ. ನನ್ನದು 40% ತೆರಿಗೆ, ಅವಳದು ಪಾರ್ಟ್‌ಟೈಮ್ ಕೆಲಸ, 20%. ಕಂಪನಿಗೆ ಹಾಕಿದರೆ ಬಡ್ಡಿ ಪೂರ್ತಿ ಕಳೆಯಬಹುದಂತೆ. ಮನೆಯೂ ನಮ್ಮದು, ಕಂಪನಿಯೂ ನಮ್ಮದು. ಹೆಸರು ಬದಲಾಯಿಸಿದರೆ ಆಯ್ತು ಅಲ್ವಾ?

ಉತ್ತರ: ಅಷ್ಟು ಸುಲಭ ಇದ್ದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಸರ್! ಕಾನೂನಿನ ಕಣ್ಣಿಗೆ ಕಂಪನಿ ಬೇರೆಯೇ ವ್ಯಕ್ತಿ. ಒಂದು ಪೌಂಡ್ ಕೈ ಬದಲಾಗದಿದ್ದರೂ, ಇವತ್ತಿನ ಬೆಲೆಗೆ ಮಾರಿದಂತೆ ಲೆಕ್ಕ.

ಮೊದಲು ಸ್ಟಾಂಪ್ ಡ್ಯೂಟಿ. ಕಂಪನಿ ಮನೆ ಕೊಂಡರೆ ಮಾಮೂಲಿ ದರದ ಮೇಲೆ 5% ಜಾಸ್ತಿ. 3 ಲಕ್ಷಕ್ಕೆ ಸರಿಯಾಗಿ 20,000 ಪೌಂಡ್. ಆಮೇಲೆ ಕ್ಯಾಪಿಟಲ್ ಗೇನ್ಸ್, ಅಂದರೆ ಬೆಲೆ ಏರಿದ ಲಾಭದ ಮೇಲಿನ ತೆರಿಗೆ. ಲಾಭ 1.2 ಲಕ್ಷ, ತಲಾ 60,000. ತಲಾ 3,000 ವಿನಾಯಿತಿ ಕಳೆದರೆ 57,000. ನಿಮಗೆ 24%, ನಿಮ್ಮ ಹೆಂಡತಿಗೆ ಸ್ವಲ್ಪ ಭಾಗ 18%, ಉಳಿದದ್ದು 24%. ಇಬ್ಬರದೂ ಸೇರಿ 25,000 ದಾಟುತ್ತದೆ. 60 ದಿನದೊಳಗೆ ರಿಟರ್ನ್ ಹಾಕಿ ಕಟ್ಟಬೇಕು.

ಅಂದರೆ 45,000 ಖರ್ಚು. ಉಳಿಯುವುದೆಷ್ಟು? ಈಗ ಬಾಡಿಗೆ ಮೇಲೆ ನೀವು 2,350, ಅವರು 900, ಒಟ್ಟು 3,250 ಕಟ್ಟುತ್ತಿದ್ದೀರಿ. ಕಂಪನಿಯಾದರೆ 9,000 ಲಾಭಕ್ಕೆ 19%, ಅಂದರೆ 1,710. ವರ್ಷಕ್ಕೆ 1,540 ಉಳಿತಾಯ. ಹಾಕಿದ ದುಡ್ಡು ವಾಪಸ್ ಬರಲು 29 ವರ್ಷ! ಇದರಲ್ಲಿ ಅಕೌಂಟೆಂಟ್ ಫೀಸೂ ಇಲ್ಲ, ಕಂಪನಿಯಿಂದ ಡಿವಿಡೆಂಡ್ ತೆಗೆದರೆ ಬೀಳುವ ತೆರಿಗೆಯೂ ಇಲ್ಲ. ಹಳೇ ಸಾಲ ತೀರಿಸಿ ಕಂಪನಿ ಹೆಸರಲ್ಲಿ ಹೊಸದು ತೆಗೆಯಬೇಕು, ಅದರ ಬಡ್ಡಿ ಸಾಮಾನ್ಯವಾಗಿ ಜಾಸ್ತಿಯೇ.

ನೀವು ಹೆದರಿರುವ ಬಡ್ಡಿ ನಿಯಮವನ್ನೂ ಬಿಡಿಸಿ ನೋಡಿ. ಸ್ವಂತ ಹೆಸರಿನ ಬಾಡಿಗೆ ಮನೆಗೆ 2020ರ ಏಪ್ರಿಲ್‌ನಿಂದ ಬಡ್ಡಿಯನ್ನು ಬಾಡಿಗೆಯಿಂದ ಕಳೆಯುವಂತಿಲ್ಲ, ಬಡ್ಡಿಯ 20% ಮಾತ್ರ ತೆರಿಗೆಯಲ್ಲಿ ರಿಯಾಯಿತಿ. ನಿಮ್ಮ ಪಾಲಿನ 2,750 ಬಡ್ಡಿಯ ಮೇಲೆ ನಷ್ಟ 550 ಪೌಂಡ್. ಅವರಿಗೆ ಏನೂ ಇಲ್ಲ.

ಪ್ರಶ್ನೆ (ಇನ್ನೊಬ್ಬರು): ಕಂಪನಿಗೆ ಹಾಕಿದರೆ ಗೇನ್ಸ್ ತೆರಿಗೆ ಮುಂದೂಡಬಹುದು ಅಂತ ಕೇಳಿದ್ದೆ?

ಉತ್ತರ: ಹೌದು, ಗೇನ್ಸ್ ತೆರಿಗೆ ಕಾನೂನಿನಲ್ಲಿ 162ನೇ ಸೆಕ್ಷನ್ ಇದೆ. ಆದರೆ ಅದು ನಡೆಯುತ್ತಿರುವ ವ್ಯಾಪಾರಕ್ಕೆ. 2013ರ ರಾಮ್ಸೆ ಪ್ರಕರಣದಲ್ಲಿ ಹತ್ತು ಫ್ಲಾಟ್‌ಗಳ ಕಟ್ಟಡ ಇತ್ತು, ವಾರಕ್ಕೆ ಸುಮಾರು 20 ಗಂಟೆ ದುಡಿಮೆ ತೋರಿಸಿ ಗೆದ್ದರು. ಏಜೆಂಟ್ ಕೈಯಲ್ಲಿರುವ ಒಂದೇ ಮನೆ ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ (ಮೊದಲಿನವರು): ಬ್ಯಾಂಕಿಗೆ ಹೇಳದೆ, ದಾಖಲೆಯಲ್ಲಿ ನಮ್ಮ ಹೆಸರೇ ಇಟ್ಟು, ಬಾಡಿಗೆ-ಲಾಭದ ಹಕ್ಕನ್ನು ಮಾತ್ರ ಟ್ರಸ್ಟ್ ಪತ್ರದಲ್ಲಿ ಕಂಪನಿಗೆ ಬರೆದರೆ?

ಉತ್ತರ: ಅದಕ್ಕೂ ಅದೇ ಎರಡು ತೆರಿಗೆ. ಮೇಲಿಂದ ಸಾಲದ ಷರತ್ತು ಮುರಿದ ತಲೆನೋವು. ಇಂಥ ಸ್ಕೀಮ್ ಮಾರುವವರು ಫೀಸು ತಗೊಂಡು ಹೋಗಿರುತ್ತಾರೆ, ತೆರಿಗೆ ಇಲಾಖೆಯ ಪತ್ರ ಬರುವುದು ನಿಮ್ಮ ಮನೆಗೆ.

ಪ್ರಶ್ನೆ: ಹಾಗಾದರೆ ಏನು ಮಾಡಲಿ ಮೇಡಂ?

ಉತ್ತರ: ಮನೆಯಲ್ಲಿ ನಿಮ್ಮ ಹೆಂಡತಿಯ ಪಾಲು ಹೆಚ್ಚಿಸಿ. ಗಂಡ ಹೆಂಡತಿ ನಡುವೆ ಪಾಲು ಕೊಟ್ಟರೆ ಆಗ ಗೇನ್ಸ್ ತೆರಿಗೆ ಬರುವುದಿಲ್ಲ. ಅವರಿಗೆ 90, ನಿಮಗೆ 10 ಅಂತ ಮಾಡಿದರೆ, ಅವರು 20% ತೆರಿಗೆ ಒಳಗೇ ಇದ್ದರೆ, ವರ್ಷಕ್ಕೆ 1,160 ಉಳಿಯುತ್ತದೆ. ಸಾಲಿಸಿಟರ್ ಹತ್ತಿರ ಟ್ರಸ್ಟ್ ಪತ್ರ ಮಾಡಿಸಿ, ಸಾಲದ ಭಾಗಕ್ಕೆ ಸ್ಟಾಂಪ್ ಡ್ಯೂಟಿ ಬರುತ್ತದಾ ಅಂತ ಅಲ್ಲೇ ಕೇಳಿ. ಬ್ಯಾಂಕಿಗೂ ತಿಳಿಸಿ. ಆಮೇಲೆ ಫಾರ್ಮ್ 17, ಅಂದರೆ ಗಂಡ ಹೆಂಡತಿಯ ಪಾಲು ಅರ್ಧರ್ಧ ಅಲ್ಲ ಅಂತ ತೆರಿಗೆ ಇಲಾಖೆಗೆ ತಿಳಿಸುವ ಅರ್ಜಿ. ಸಹಿ ಹಾಕಿದ 60 ದಿನದೊಳಗೆ ತೆರಿಗೆ ಇಲಾಖೆಗೆ ತಲುಪಲೇಬೇಕು. ತಡವಾದರೆ ಮತ್ತೆ ಹೊಸದಾಗಿ ಸಹಿ, ಅಲ್ಲಿವರೆಗೆ ಅರ್ಧರ್ಧವೇ ಲೆಕ್ಕ.

ಮತ್ತೆ, ಇದು ಕಾಗದದ ಆಟ ಅಲ್ಲ. ನಾಳೆ ಮಾರಿದರೆ ದುಡ್ಡಿನಲ್ಲೂ 90% ಅವರದೇ. ಅವರ ಹತ್ತಿರ ಮೊದಲು ಮಾತಾಡಿದ್ದೀರಾ?

ಪ್ರಶ್ನೆ: ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ ಮೇಡಂ. ಫಾರ್ಮ್ ಎಲ್ಲಿ ಸಿಗುತ್ತೆ ಅಂತ ಕೇಳು ಅಂದಳು.