ಹಿಡಿಯುವ ಮೀನಿಗೆ ಟನ್ ಲೆಕ್ಕದ ಮಿತಿ ನಮ್ಮ ಕರಾವಳಿಯಲ್ಲಿ ಯಾಕಿಲ್ಲ?

ಕೋಡಿ_ಕುಂದಾಪುರ:
ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ಖಾಲಿಯಾಗ್ತಾ ಬಂದದ್ದಕ್ಕೆ 1992ರಲ್ಲಿ ಹಿಡಿಯೋದನ್ನೇ ನಿಲ್ಲಿಸಿದ್ರು. 2024ರಲ್ಲಿ ಮತ್ತೆ ಬಿಟ್ಟಾಗಲೂ ಆ ವರ್ಷಕ್ಕೆ 18,000 ಟನ್ ಅಂತ ಮಿತಿ ಹಾಕಿದ್ರು. ನಮ್ಮಲ್ಲಿ ಬೂತಾಯಿ (ಸಾರ್ಡೀನ್) ಮೀನು ಒಂದು ವರ್ಷ ರಾಶಿ, ಇನ್ನೊಂದು ವರ್ಷ ನಾಪತ್ತೆ. ಆದ್ರೂ ಜೂನ್-ಜುಲೈಯಲ್ಲಿ ಮೀನು ಹಿಡಿಯೋದಕ್ಕೆ ರಜೆ ಇದೆಯೇ ಹೊರತು ಇಂತಿಷ್ಟೇ ಟನ್ ಹಿಡೀಬೇಕು ಅಂತ ಇಲ್ಲ. ಬೋಟಿಗಿಷ್ಟು ಅಂತ ಹಂಚಿದ್ರೆ ಆಗೋದಿಲ್ವಾ?

ಮಲ್ಪೆ_ಟ್ರಾಲ್:
ನಮ್ಮದು ಟ್ರಾಲ್ ಬೋಟು, ಚೀಲದಂಥ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗೋದು. ಬಲೆ ಎತ್ತಿದಾಗ ಏನೇನು ಬೀಳ್ತದೆ ಅಂತ ಒಮ್ಮೆ ನೋಡಿ ಮಾರ್ರೆ. ಬೊಂಡಾಸ (ಸ್ಕ್ವಿಡ್), ಸಿಗಡಿ, ನಂಗು, ಪಾಂಬೊಳ್, ಜೊತೆಗೆ ಹೆಸರೇ ಗೊತ್ತಿಲ್ಲದ ಸಣ್ಣಪುಟ್ಟ ಮೀನು, ಎಲ್ಲ ಒಟ್ಟಿಗೆ. ಬೊಂಡಾಸದ ಕೋಟಾ ಮುಗೀತು ಅಂದ್ರೂ ಬಲೆಗೆ ಅದು ಬಂದೇ ಬರ್ತದೆ. ಸತ್ತದ್ದನ್ನು ವಾಪಸ್ ನೀರಿಗೆ ಎಸೆದು ಯಾರಿಗೇನು ಲಾಭ?

ನಮಗೆ ಬೇಕಾದ್ದು ಗಾತ್ರದ ಮಿತಿ, ಅದೂ ಗಟ್ಟಿಯಾಗಿ. ಕೇರಳದಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಅಂತ ಇಟ್ಟಿದ್ದಾರೆ. ಅದಕ್ಕಿಂತ ಸಣ್ಣದನ್ನು ಸಾರಿಗೆ ಅಂತ ಯಾರೂ ಕೊಳ್ಳೋದಿಲ್ಲ, ಅದು ಹೋಗೋದು ಫಿಶ್‌ಮೀಲ್‌ಗೆ, ಅಂದ್ರೆ ಮೀನು ಪುಡಿ ಮಾಡೋ ಕಾರ್ಖಾನೆಗೆ. ಬೋಟಿಂದ ಮೀನು ಇಳಿಸೋ ದಕ್ಕೆಯಲ್ಲಿ ಬೆರಳುದ್ದದ ಬಂಗುಡೆ ಮರಿಯನ್ನು ಸಲಿಕೆಯಲ್ಲಿ ಬಾಚಿ ಲಾರಿಗೆ ತುಂಬೋದು ಕಂಡ್ರೆ ಹೊಟ್ಟೆ ಉರೀತದೆ.

ಇನ್ನೊಂದು, ಬಲೆಯ ಕೊನೆಯ ಚೀಲ. ಡೈಮಂಡ್ ಕಣ್ಣಿನದ್ದು ಎಳೆದ ಹಾಗೆ ಬಿಗಿದು ಮುಚ್ಚಿಕೊಳ್ತದೆ. ಚೌಕ ಕಣ್ಣಿನದ್ದು ಬಿಚ್ಚಿಕೊಂಡೇ ಇರ್ತದೆ, ಮರಿ ನುಸುಳಿ ಹೋಗ್ತದೆ. 35 ಎಂ.ಎಂ. ಚೌಕ ಕಣ್ಣು ಎಲ್ಲ ಬೋಟಲ್ಲೂ ಬರಬೇಕು. ಒಬ್ಬ ಹಾಕಿ ಪಕ್ಕದವ ಹಾಕದಿದ್ರೆ ಹಾಕಿದವನಿಗೇ ನಷ್ಟ.

ಉಳ್ಳಾಲ_ಕಡಲು:
ಎಲ್ಲದಕ್ಕೂ ಬಲೆಯನ್ನೇ ದೂರಬೇಡಿ ಅಣ್ಣ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಬರೀ 3,300 ಟನ್. ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಇದರಲ್ಲಿ ಎಲ್ ನಿನೊ, ಅಂದ್ರೆ ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗೋದರ ಪಾಲನ್ನೂ ಹೇಳಿದ್ದಾರೆ. ಸಮುದ್ರವೇ ಬಿಸಿಯಾದ್ರೆ ನಿಮ್ಮ ಸ್ಕೇಲು ಏನು ಮಾಡ್ತದೆ?

ಮಲ್ಪೆ_ಟ್ರಾಲ್:
ಬಿಸಿ ನಮ್ಮ ಕೈಲಿಲ್ಲ, ಒಪ್ಪಿದೆ. ಅದಕ್ಕೇ ಹೇಳೋದು, ಮೀನು ಕಮ್ಮಿ ಇರೋ ವರ್ಷ ಉಳಿದ ಮರಿಯನ್ನೂ ಬಾಚಿದ್ರೆ ಮೊಟ್ಟೆ ಇಡೋಕೆ ಏನು ಉಳೀತದೆ? ಕೆನಡಾದಲ್ಲಿ 1992ಕ್ಕೆ ಮೊದಲು ವಿಜ್ಞಾನಿಗಳು ಹೇಳಿದಷ್ಟು ಮಿತಿ ಇಳಿಸಲಿಲ್ಲ, ಅದೇ ಹೊತ್ತಿಗೆ ಅಲ್ಲಿ ನೀರು ವಿಪರೀತ ತಣ್ಣಗಾಯ್ತು. ಎರಡೂ ಸೇರಿ ಮೀನು ನೆಲ ಕಚ್ಚಿತು, ಸುಮಾರು 30,000 ಜನರ ಕೆಲಸ ಹೋಯ್ತು.

ಕೋಡಿ_ಕುಂದಾಪುರ:
ಹಾಗಾದ್ರೆ ಟನ್ ಮಿತಿ ಯಾರಿಗೂ ಬೇಡ್ವಾ?

ಮಲ್ಪೆ_ಟ್ರಾಲ್:
ಪರ್ಸೀನ್ (ಸುತ್ತುಬಲೆ) ಬೋಟಿಗೆ ಹಾಕಬಹುದು. ಅವರು ಹಿಂಡು ನೋಡಿ ಸುತ್ತು ಹಾಕೋದು, ಬರೋದೂ ಹೆಚ್ಚಾಗಿ ಒಂದೇ ಜಾತಿ, ದಕ್ಕೆಯಲ್ಲಿ ತೂಗೋಕೆ ಕಷ್ಟ ಇಲ್ಲ. ಅಲ್ಲಿ ಬೂತಾಯಿ, ಬಂಗುಡೆಯಿಂದ ಶುರು ಮಾಡಲಿ. ಆದ್ರೆ ಮರಿ ಹಿಡಿದದ್ದಕ್ಕೆ ಬೋಟಿನವನಿಗೆ ಮಾತ್ರ ದಂಡ ಹಾಕಿದ್ರೆ ಸಾಲದು. ಅದನ್ನು ಕೊಳ್ಳೋ ಲಾರಿಯನ್ನೂ ದಕ್ಕೆ ಗೇಟಲ್ಲೇ ನಿಲ್ಲಿಸಿ ಬಾಕ್ಸ್ ತೆಗೆಸಿ ಅಳೀಬೇಕು. ಕೊಳ್ಳೋರು ಇಲ್ಲದ ಮೀನಿಗೆ ಡೀಸೆಲ್ ಸುಡೋ ಬೋಟಿನವ ನಮ್ಮ ಮಲ್ಪೆಯಲ್ಲಂತೂ ಇಲ್ಲ.